ನಂದಿ ತಪ್ಪಲಲ್ಲಿ ಒಂದು ದಿನ: ಹತ್ತಿರದ ಸೀಮೆಯನ್ನು ಸವಿಯುವ ಸೂತ್ರಗಳು

ಬೆಂಗಳೂರಿನಿಂದ ಉತ್ತರಕ್ಕೆ ಹೊರಟರೆ 60 ಕಿಲೋಮೀಟರ್ ಮುಗಿಯುವಷ್ಟರಲ್ಲಿ ಸಾವಿರದ ಇನ್ನೂರು ವರ್ಷದ ದೇವಸ್ಥಾನ, ಟಿಪ್ಪು ಹುಟ್ಟಿದ ಊರು, ವಿಶ್ವೇಶ್ವರಯ್ಯನವರ ಮನೆ, ದ್ರಾಕ್ಷಿ ಚಪ್ಪರಗಳು, ಹೆಸರಾಂತ ವೈನರಿ, ಬಿಸಿ ಮುದ್ದೆ ಬಡಿಸುವ ಹೋಟೆಲುಗಳು ಎಲ್ಲವೂ ಸಿಗುತ್ತವೆ. ಆದರೂ ನಮ್ಮಲ್ಲಿ ಬಹಳ ಮಂದಿಗೆ ಈ ದಾರಿ ಗೊತ್ತಿರುವುದು ವಿಮಾನ ಹಿಡಿಯುವುದಕ್ಕೆ, ಇಲ್ಲವೇ ಭಾನುವಾರ ಬೆಳಗಿನ ಜಾವ ನಂದಿಬೆಟ್ಟದಲ್ಲಿ ಮಂಜಿನ ಫೋಟೊ ತೆಗೆಯುವುದಕ್ಕೆ. ವೈನ್ ತೋಟ ನೋಡಲು ನಾಸಿಕಕ್ಕೆ ಟಿಕೆಟ್ ಮಾಡುವವರು ದೊಡ್ಡಬಳ್ಳಾಪುರದ ಹೆಸರು ಕೇಳಿದರೆ ಆಶ್ಚರ್ಯಪಡುತ್ತಾರೆ. ದ್ರಾಕ್ಷಿ, ರಾಗಿ, ಅವರೆ, ಕಗ್ಗಲ್ಲು ಎಲ್ಲ ಒಂದೇ ನೆಲದ್ದು. ಅವನ್ನು ಒಟ್ಟಿಗೆ ನೋಡಿದಾಗ ಮಾತ್ರ ಈ ಸೀಮೆ ಕೈಗೆ ಸಿಗುತ್ತದೆ. ಅದಕ್ಕೆ ಕೆಲವು ಸೂತ್ರಗಳು ಇಲ್ಲಿವೆ.

1. ಪಟ್ಟಿ ಬಿಡಿ, ಸೀಮೆ ಹಿಡಿಯಿರಿ

ಒಂದೇ ದಿನದಲ್ಲಿ ನಂದಿ, ಲೇಪಾಕ್ಷಿ, ಘಾಟಿ, ಕೈವಾರ ಎಂದು ಓಡಿದರೆ ಮನೆಗೆ ಬರುವಾಗ ಉಳಿಯುವುದು ಟೋಲ್ ರಸೀತಿ ಮಾತ್ರ. ದೇವನಹಳ್ಳಿ, ನಂದಿ ಗ್ರಾಮ, ದೊಡ್ಡಬಳ್ಳಾಪುರ ಈ ಮೂರು ಊರು ಸೇರಿದರೆ ಒಂದು ತ್ರಿಕೋನ. ಅದರೊಳಗೇ ಇರಿ. ಹಳೆಯದೊಂದು ಜಾಗ, ಒಂದು ಒಳ್ಳೆಯ ಊಟ, ಒಂದು ತೋಟ, ದಿನಕ್ಕೆ ಇಷ್ಟು ಸಾಕು. ಉಳಿದದ್ದು ಎಲ್ಲಿಗೂ ಹೋಗುವುದಿಲ್ಲ. ಹತ್ತಿರದ ಊರಿನ ದೊಡ್ಡ ಅನುಕೂಲವೇ ಅದು, ಮತ್ತೆ ಹೋಗಬಹುದು.

2. ಕ್ಯಾಲೆಂಡರ್ ನೋಡಿ ಹೊರಡಿ, ರಜೆ ನೋಡಿ ಅಲ್ಲ

ಈ ಸೀಮೆಗೆ ಸರಿಯಾದ ಕಾಲ ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ. ಕಾರಣ ತಿಳಿದುಕೊಂಡರೆ ತೋಟ ನೋಡುವ ಕಣ್ಣೇ ಬದಲಾಗುತ್ತದೆ. ಯುರೋಪಿನಲ್ಲಿ ಚಳಿಗೆ ದ್ರಾಕ್ಷಿ ಬಳ್ಳಿ ನಿದ್ದೆಗೆ ಜಾರುತ್ತದೆ, ವಸಂತದಲ್ಲಿ ತಾನಾಗಿ ಚಿಗುರುತ್ತದೆ. ನಮ್ಮಲ್ಲಿ ಅಂಥ ಚಳಿ ಇಲ್ಲ, ಬಳ್ಳಿ ವರ್ಷವಿಡೀ ಎಚ್ಚರವಾಗಿರುತ್ತದೆ. ಹಾಗಾಗಿ ರೈತ ಕತ್ತರಿ ಹಿಡಿದು ಅದಕ್ಕೆ ಋತು ಕಲಿಸಬೇಕು. ಕೊಯ್ಲು ಮುಗಿದ ಮೇಲೆ ಬೇಸಿಗೆಯಲ್ಲಿ ಒಂದು ಸಲ ಸವರುತ್ತಾರೆ, ಅದು ಕಡ್ಡಿ ಬಲಿಯಲು. ಮಳೆಗಾಲ ಇಳಿಯುವ ಹೊತ್ತಿಗೆ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಮತ್ತೊಂದು ಸಲ ಸವರುತ್ತಾರೆ, ಅದು ಹಣ್ಣಿಗಾಗಿ. ಹೀಗೆ ಮಾಡಿದ ವೈನ್ ದ್ರಾಕ್ಷಿ ಹೊಸ ವರ್ಷ ಬಂದ ಮೇಲೆ ಕೊಯ್ಲಿಗೆ ಬರುತ್ತದೆ. ಮಳೆಯಿಲ್ಲದ ಹಗಲು, ತಣ್ಣನೆ ರಾತ್ರಿ ಎರಡೂ ಆಗ ಸಿಗುತ್ತವೆ. ಹಗಲಿನ ಬಿಸಿಲು ಸಿಹಿ ತುಂಬಿದರೆ, ರಾತ್ರಿಯ ತಂಪು ಹುಳಿ ಉಳಿಸುತ್ತದೆ. ಎರಡೂ ಇಲ್ಲದ ವೈನ್ ಸಪ್ಪೆ.

ಅದೇ ತಿಂಗಳುಗಳಲ್ಲಿ ಹೊಲದಲ್ಲಿ ಅವರೆಕಾಯಿಯ ಸೊಗಡು. ಒಂದೇ ವಾರದಲ್ಲಿ ಗೊಂಚಲೂ ಅವರೆಯೂ ಸಿಗುವ ಕಾಲ ಬಿಟ್ಟು ಏಪ್ರಿಲ್ ಕೊನೆಯಲ್ಲಿ ಹೋದರೆ ಕಾಣುವುದು ಬೋಳು ಬಳ್ಳಿ ಮತ್ತು ಸುಡುವ ಬಂಡೆ.

3. ಮೊದಲು ಕಲ್ಲು, ಆಮೇಲೆ ಊಟ, ಕೊನೆಗೆ ಗ್ಲಾಸು

ಈ ಕ್ರಮ ತಪ್ಪಿಸಬೇಡಿ. ಬೆಳಗಿನ ಓರೆ ಬಿಸಿಲಿನಲ್ಲಿ ಕೆತ್ತನೆ ಎದ್ದು ಕಾಣುತ್ತದೆ, ಮಧ್ಯಾಹ್ನ ಗರ್ಭಗುಡಿ ಮುಚ್ಚಿರಬಹುದು. ಖಾಲಿ ಹೊಟ್ಟೆಯಲ್ಲಿ ವೈನ್ ರುಚಿ ನೋಡುವುದು ನಾಲಿಗೆಗೂ ತಲೆಗೂ ಒಳ್ಳೆಯದಲ್ಲ. ಇನ್ನೊಂದು ವಿಷಯ: ಇವು ಜನ ಪೂಜೆ ಮಾಡುವ ಗುಡಿಗಳು. ಕುಡಿದು ಒಳಗೆ ಕಾಲಿಡುವುದು ಆ ಊರಿನವರಿಗೆ ಮಾಡುವ ಅಗೌರವ.

4. ಬೆಟ್ಟ ಹತ್ತುವ ಮುನ್ನ ಬೆಟ್ಟದ ಬುಡದಲ್ಲಿ ಎರಡು ಗಂಟೆ ಕಳೆಯಿರಿ

ಸಾವಿರಾರು ವಾಹನಗಳು ನಂದಿ ಗ್ರಾಮದ ಪಕ್ಕದಲ್ಲೇ ಬೆಟ್ಟಕ್ಕೆ ಏರುತ್ತವೆ. ಕೆಳಗಿರುವ ಭೋಗನಂದೀಶ್ವರ ದೇವಸ್ಥಾನದ ಬಾಗಿಲಿಗೆ ಬರುವವರು ಅದರಲ್ಲಿ ಸ್ವಲ್ಪ ಜನ. ನನ್ನ ಮಟ್ಟಿಗೆ ಬೆಂಗಳೂರಿನ ಸುತ್ತ ಇದಕ್ಕಿಂತ ಸುಂದರವಾದ ಕಲ್ಲಿನ ಅಂಗಳ ಇನ್ನೊಂದಿಲ್ಲ.

ಇಲ್ಲಿನ ಶಿವಾಲಯದ ಬಗ್ಗೆ ಸಿಗುವ ಹಳೆಯ ಶಾಸನ ಕ್ರಿ.ಶ. 806ರದು, ನೊಳಂಬರ ಹಾಗೂ ರಾಷ್ಟ್ರಕೂಟ ದೊರೆ ಮೂರನೇ ಗೋವಿಂದನ ಕಾಲದ್ದು. ಆಮೇಲೆ ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರಾದ ಮೇಲೊಬ್ಬರು ಕೈ ಸೇರಿಸಿದರು. ಯಾರೂ ಹಿಂದಿನವರದನ್ನು ಅಳಿಸಲಿಲ್ಲ. ಅಕ್ಕಪಕ್ಕ ಎರಡು ದೊಡ್ಡ ಗುಡಿಗಳಿವೆ, ಅರುಣಾಚಲೇಶ್ವರ ಮತ್ತು ಭೋಗನಂದೀಶ್ವರ. ನಡುವೆ ಉಮಾಮಹೇಶ್ವರನ ಸಣ್ಣ ಗುಡಿ, ಅದರ ಮುಂದೆ ಕಪ್ಪು ಕಲ್ಲಿನ ಕಲ್ಯಾಣಮಂಟಪ. ಅರುಣಾಚಲೇಶ್ವರ ಶಿವನ ಬಾಲ್ಯ, ಭೋಗನಂದೀಶ್ವರ ಯೌವನ, ಬೆಟ್ಟದ ಮೇಲಿನ ಯೋಗನಂದೀಶ್ವರ ಎಲ್ಲ ಬಿಟ್ಟ ವೈರಾಗ್ಯ ಎಂದು ಇಲ್ಲಿನವರ ನಂಬಿಕೆ. ಹಾಗೆ ನೋಡಿದರೆ ಕೆಳಗಿನದನ್ನು ನೋಡದೆ ಮೇಲೆ ಹೋದವರು ಕಥೆಯ ಕೊನೆಯ ಪುಟವನ್ನಷ್ಟೇ ಓದಿದಂತೆ.

ಕಲ್ಯಾಣಮಂಟಪದ ಕಂಬಗಳ ಹತ್ತಿರ ಕೂತು ಒಂದೊಂದೇ ಮೂರ್ತಿ ಗುರುತಿಸಿ: ಶಿವ-ಪಾರ್ವತಿ, ಬ್ರಹ್ಮ-ಸರಸ್ವತಿ, ವಿಷ್ಣು-ಲಕ್ಷ್ಮಿ. ಮಕ್ಕಳಿದ್ದರೆ ಅವರಿಗೇ ಹುಡುಕಲು ಬಿಡಿ. ಆಮೇಲೆ ಕಲ್ಯಾಣಿಯ ಮೆಟ್ಟಿಲ ಮೇಲೆ ಸುಮ್ಮನೆ ಕೂರಿ. ಈ ನೀರನ್ನು ಶೃಂಗಿತೀರ್ಥ ಎನ್ನುತ್ತಾರೆ, ದಕ್ಷಿಣ ಪಿನಾಕಿನಿಯ ಮೂಲ ಎಂದು ನಂಬುತ್ತಾರೆ. ಬೆಂಗಳೂರಿಗೆ ಒಂದು ಕಾಲದಲ್ಲಿ ಕುಡಿಯುವ ನೀರು ಕೊಟ್ಟ ಅರ್ಕಾವತಿ ಹುಟ್ಟುವುದೂ ಈ ನಂದಿ ಬೆಟ್ಟಗಳಲ್ಲೇ.

ಇಷ್ಟಾದ ಮೇಲೆ ಬೇಕಿದ್ದರೆ 1,478 ಮೀಟರ್ ಎತ್ತರದ ನಂದಿದುರ್ಗಕ್ಕೆ ಹತ್ತಿ. ವಾರದ ನಡುವಿನ ದಿನವಾದರೆ ಇನ್ನೂ ಒಳ್ಳೆಯದು. 1791ರ ಅಕ್ಟೋಬರಿನಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯ ಇಲ್ಲಿನ ಕೋಟೆ ಹಿಡಿದದ್ದು ಯಾವ ಕಡಿದಾದ ಬಂಡೆಯ ಮೇಲೆ ಎಂಬುದನ್ನು ಅಂಚಿನಲ್ಲಿ ನಿಂತು ನೋಡಿದರೇ ಅರ್ಥವಾಗುತ್ತದೆ.

5. ದೇವನಹಳ್ಳಿಯನ್ನು ವಿಮಾನ ನಿಲ್ದಾಣದಿಂದ ಬಿಡಿಸಿ ನೋಡಿ

ನಿಲ್ದಾಣಕ್ಕೆ ನೂರಾರು ವರ್ಷ ಮೊದಲೇ ಇಲ್ಲಿ ಊರಿತ್ತು. 1501ರಲ್ಲಿ ಮಲ್ಲಬೈರೇಗೌಡ ಕಟ್ಟಿಸಿದ ಮಣ್ಣಿನ ಕೋಟೆಯನ್ನು ಹೈದರಾಲಿಯ ಕಾಲದಲ್ಲಿ ಕಲ್ಲಿನದಾಗಿ ಮಾಡಲಾಯಿತು. ಅರ್ಧವೃತ್ತದ ಬುರುಜುಗಳು ಇಂದಿಗೂ ಗಟ್ಟಿಯಾಗಿ ನಿಂತಿವೆ. ಗೋಡೆಯ ಒಳಗೆ ಮನೆ, ಬೀದಿ, ವೇಣುಗೋಪಾಲಸ್ವಾಮಿ ಗುಡಿ ಇವೆ, ಜನ ವಾಸವಾಗಿದ್ದಾರೆ. ಕೋಟೆಯ ಹೊರಗೆ, ಸ್ವಲ್ಪ ದೂರದಲ್ಲಿ, ಟಿಪ್ಪು ಹುಟ್ಟಿದ ಜಾಗದ ಸಣ್ಣ ಕಲ್ಲುಮಂಟಪವಿದೆ.

ಬೆಂಗಳೂರು ಕಟ್ಟಿದ ಕೆಂಪೇಗೌಡರ ಪೂರ್ವಜರು ನೆಲೆಯೂರಿದ ಆವತಿ ಇಲ್ಲಿಂದ ಹತ್ತಿರ. ದೇವನಹಳ್ಳಿಯ ಗೌಡರೂ ಆವತಿಯ ಮನೆತನದವರೇ. ರಾಜಧಾನಿಯ ಬೇರು ಈ ಹೊಲಗಳ ನಡುವೆ ಇದೆ ಎಂಬುದು ನಗರದಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಹೇಳಬೇಕಾದ ಸಂಗತಿ. ಬರುವ ದಾರಿಯಲ್ಲಿ ಹೆಬ್ಬಾಳದ ಕಿಟ್ಟಯ್ಯನ ವೀರಗಲ್ಲನ್ನೂ ತೋರಿಸಬಹುದು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಮೇಲ್ಸೇತುವೆಯ ಗದ್ದಲದ ಪಕ್ಕದಲ್ಲೇ ಅಷ್ಟು ಹಳೆಯ ಕನ್ನಡ ಬರಹ ಇದೆ.

6. ಮುದ್ದೇನಹಳ್ಳಿಗೆ ಅರ್ಧ ಗಂಟೆ ಕೊಡಿ

ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಮನೆ ಈಗ ವಸ್ತುಸಂಗ್ರಹಾಲಯ. ಅವರ ಸಮಾಧಿಯೂ ಇದೇ ಊರಲ್ಲಿದೆ. ಸಣ್ಣ ಜಾಗ, ಬೇಗ ಮುಗಿಯುತ್ತದೆ, ಮನಸ್ಸಿನಲ್ಲಿ ಉಳಿಯುತ್ತದೆ.

7. ಮೆನು ಕೇಳಬೇಡಿ, "ಇವತ್ತು ಏನು ಸಾರು?" ಎಂದು ಕೇಳಿ

ಹೆದ್ದಾರಿ ಬದಿಯ ಥಳಕಿನ ರೆಸ್ಟೋರೆಂಟಿನಲ್ಲಿ ಪನೀರ್ ತಿನ್ನಲು ಇಷ್ಟು ದೂರ ಬರಬೇಕಿರಲಿಲ್ಲ. ಈ ಸೀಮೆಯ ಊಟ ರಾಗಿಮುದ್ದೆ ಮತ್ತು ಅಂದಂದಿನ ಸಾರು. ಸೊಪ್ಪೋ ಕಾಳೋ ಬೇಯಿಸಿ, ಕಟ್ಟು ಬಸಿದು, ಅದಕ್ಕೆ ಮಸಾಲೆ ರುಬ್ಬಿ ಹಾಕಿದರೆ ಬಸ್ಸಾರು. ಬಸಿದು ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆಯಿಂದ ಎರಡು ಅಡುಗೆ, ಚೂರೂ ದಂಡವಿಲ್ಲ. ಕಟ್ಟಿನ ಜೊತೆ ಹಸಿಮೆಣಸಿನ ಖಾರ ಬೇರೆಯಾಗಿ ಬಂದರೆ ಉಪ್ಸಾರು. ಸೊಪ್ಪನ್ನೇ ಮಸೆದರೆ ಮಸ್ಸೊಪ್ಪು. ಮಾಂಸ ತಿನ್ನುವವರಿಗೆ ಮಿಲಿಟರಿ ಹೋಟೆಲಿನ ನಾಟಿಕೋಳಿ ಸಾರು, ಕೈಮ.

ಚಳಿಗಾಲದಲ್ಲಿ ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಹಿತಕಿದಬೇಳೆ. ಅವರೆಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಒಂದೊಂದೇ ಕಾಳನ್ನು ಬೆರಳಲ್ಲಿ ಒತ್ತಿ ಸಿಪ್ಪೆಯಿಂದ ಬೇಳೆ ಜಾರಿಸಬೇಕು. ಒಂದು ಪಾತ್ರೆ ಸಾರಿಗೆ ಮನೆಮಂದಿಯೆಲ್ಲ ಕೂತು ಹಿತುಕಬೇಕಾಗುತ್ತದೆ. ಅಷ್ಟು ಕೈಕೆಲಸ ಇರುವ ಸಾರನ್ನು ಹೋಟೆಲಿನವರು ದಿನಾ ಮಾಡಲಾರರು, ಹಾಗಾಗಿ ಸಿಕ್ಕ ದಿನ ಬಿಡಬೇಡಿ. ಮುದ್ದೆಯನ್ನು ಅಗಿಯದೆ ನುಂಗುವುದನ್ನು ಕಲಿಯದವರಿದ್ದರೆ ಪಕ್ಕದ ಟೇಬಲಿನ ಅಜ್ಜನನ್ನು ಕೇಳಿ, ಖುಷಿಯಿಂದ ತೋರಿಸುತ್ತಾರೆ.

ಒಳ್ಳೆಯ ಹೋಟೆಲು ಗುರುತಿಸುವುದು ಸುಲಭ: ಮಧ್ಯಾಹ್ನ ಒಂದು ಗಂಟೆಗೆ ಹೊರಗೆ ಊರವರ ಬೈಕುಗಳು ನಿಂತಿರಬೇಕು. ಎರಡೂವರೆ ದಾಟಿದರೆ ಸಾರು ಮುಗಿದಿರುತ್ತದೆ.

8. ವೈನರಿಗೆ ಫೋನ್ ಮಾಡಿಯೇ ಹೋಗಿ, ಪ್ರಶ್ನೆ ಇಟ್ಟುಕೊಂಡು ಹೋಗಿ

ದೊಡ್ಡಬಳ್ಳಾಪುರದ ಬಳಿಯ ಗ್ರೋವರ್ ವೈನರಿ ಶುರುವಾದದ್ದು 1988ರಲ್ಲಿ. ಕನ್ವಲ್ ಗ್ರೋವರ್ ಎಂಬ ಉದ್ಯಮಿ ಫ್ರಾನ್ಸಿನ ವೈನ್ ತಜ್ಞ ಜಾರ್ಜ್ ವೆಸೆಲ್ ಅವರ ನೆರವಿನಿಂದ ನಂದಿ ತಪ್ಪಲಿನ ಈ ನೆಲ ಆರಿಸಿಕೊಂಡರು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ನೀರು ನಿಲ್ಲದ ಕೆಮ್ಮಣ್ಣು, ತಂಪು ರಾತ್ರಿ, ಇವು ಇಲ್ಲಿನ ಬಂಡವಾಳ. ಮುಂದೆ ಬೋರ್ಡೊ ಸೀಮೆಯ ಹೆಸರಾಂತ ಸಲಹೆಗಾರ ಮಿಷೆಲ್ ರೋಲಾಂ ಕೂಡ ಇವರ ಜೊತೆ ಕೆಲಸ ಮಾಡಿದರು. 2012ರಲ್ಲಿ ನಾಸಿಕದ ಸಂಸ್ಥೆಯೊಂದರ ಜೊತೆ ಸೇರಿ ಗ್ರೋವರ್ ಜಂಪಾ ಆಯಿತು. ಅವರ ಲಾ ರಿಸರ್ವ್ ಎಂಬ ಕೆಂಪು ವೈನ್ ಕ್ಯಾಬರ್ನೆ ಸುವಿನ್ಯೋಂ ಮತ್ತು ಶಿರಾಜ್ ಎರಡು ದ್ರಾಕ್ಷಿಗಳ ಬೆರಕೆ. ಮೂರು ದಶಕದ ಹಿಂದೆ ಭಾರತದಲ್ಲಿ ವೈನ್ ಆಗುವುದಿಲ್ಲ ಎನ್ನುತ್ತಿದ್ದವರಿಗೆ ಉತ್ತರ ಕೊಟ್ಟದ್ದು ನಮ್ಮ ಪಕ್ಕದ ತಾಲ್ಲೂಕು. ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದದ್ದು ಆಮೇಲೆ, 2007ರಲ್ಲಿ.

ತೋಟ ಸುತ್ತಿಸುವವರನ್ನು ಕೇಳಿ: ಈ ವರ್ಷ ಕೊಯ್ಲು ಯಾವಾಗ ಶುರುವಾಯಿತು? ಯಾವ ಜಾತಿ ಮೊದಲು ಬಂತು? ಈ ಪೀಪಾಯಿಯಲ್ಲಿ ಎಷ್ಟು ತಿಂಗಳು ಇಡುತ್ತೀರಿ? ಕೆಂಪು ವೈನಿಗೆ ಬಣ್ಣ ಬರುವುದು ಸಿಪ್ಪೆಯಿಂದ, ರಸದಿಂದಲ್ಲ. ಸಿಪ್ಪೆಯ ಜೊತೆಗೇ ಹುದುಗಿದರೆ ಕೆಂಪು, ಸಿಪ್ಪೆ ಬೇರ್ಪಡಿಸಿ ರಸ ಮಾತ್ರ ಹುದುಗಿಸಿದರೆ ಬಿಳಿ. ಇದು ಗೊತ್ತಿದ್ದು ಹೋದರೆ ಉಕ್ಕಿನ ತೊಟ್ಟಿಗಳ ಸಾಲು ಬರೀ ಕಾರ್ಖಾನೆಯಾಗಿ ಕಾಣುವುದಿಲ್ಲ. ಕೊಯ್ಲಿನ ದಿನಗಳಲ್ಲಿ ಕೆಲಸಗಾರರ ದಾರಿಗೆ ಅಡ್ಡ ನಿಲ್ಲಬೇಡಿ. 21 ತುಂಬದವರಿಗೆ ರುಚಿ ನೋಡಲು ಕೊಡುವುದಿಲ್ಲ, ಒತ್ತಾಯಿಸಬೇಡಿ.

9. ರುಚಿ ನೋಡುವುದು ಬೇರೆ, ಕುಡಿಯುವುದು ಬೇರೆ

ಬಿಳಿಯಿಂದ ಕೆಂಪಿಗೆ ಹೋಗಿ, ಹಗುರದಿಂದ ಗಟ್ಟಿಗೆ ಹೋಗಿ. ಸಿಹಿ ವೈನ್ ಕೊನೆಗೆ. ಗ್ಲಾಸನ್ನು ಕಾಂಡದಲ್ಲಿ ಹಿಡಿಯಿರಿ, ಅಂಗೈ ಬಿಸಿ ತಾಗಬಾರದು. ತಿರುಗಿಸಿ ಮೂಸಿ. ಮೂಸಿದ್ದಕ್ಕೆ ಪುಸ್ತಕದ ಪದ ಹುಡುಕಬೇಡಿ. ಸೀಬೆಹಣ್ಣು, ನೇರಳೆ, ಕಾಳುಮೆಣಸು, ಚಕ್ಕೆ, ಹೊಗೆ, ಮೊದಲ ಮಳೆಯ ಮಣ್ಣು, ನಿಮ್ಮ ಮೂಗಿಗೆ ಗೊತ್ತಿರುವುದನ್ನೇ ಹೇಳಿ. ಚಿಕ್ಕ ಗುಟುಕು ಬಾಯಲ್ಲಿ ಆಡಿಸಿ ಉಗುಳಿ. ಉಗುಳಲು ಪಾತ್ರೆ ಇಟ್ಟಿರುತ್ತಾರೆ, ನಾಚಿಕೆ ಬೇಡ, ವೃತ್ತಿಯವರು ಮಾಡುವುದೂ ಅದನ್ನೇ. ನಡುನಡುವೆ ನೀರು ಕುಡಿಯಿರಿ.

ವೈನ್ ಹೃದಯಕ್ಕೆ ಒಳ್ಳೆಯದು ಎಂಬ ಮಾತನ್ನು ನೆಪ ಮಾಡಿಕೊಳ್ಳಬೇಡಿ. ಮದ್ಯಕ್ಕೆ ಸುರಕ್ಷಿತ ಪ್ರಮಾಣ ಎಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ರುಚಿಗಾಗಿ ಸ್ವಲ್ಪ ಸಾಕು.

10. ನಮ್ಮ ಖಾರಕ್ಕೆ ಹೊಂದುವ ವೈನ್ ಆರಿಸಿ

ಖಾರ ತಿಂದ ಬಾಯಿಗೆ ಮದ್ಯಾಂಶ ಹೆಚ್ಚಿರುವ, ಒಗರು ಜಾಸ್ತಿ ಇರುವ ಕೆಂಪು ವೈನ್ ಬಿದ್ದರೆ ಉರಿ ಏರುತ್ತದೆ, ಒಗರು ಕಹಿಯಾಗುತ್ತದೆ. "ನಮ್ಮ ಊಟಕ್ಕೆ ವೈನ್ ಹೊಂದುವುದಿಲ್ಲ" ಎನ್ನುವವರಲ್ಲಿ ಹೆಚ್ಚಿನವರು ಇದನ್ನೇ ಅನುಭವಿಸಿರುತ್ತಾರೆ. ಹಿತಕಿದಬೇಳೆ ಸಾರಿನ ಜೊತೆ ತಂಪಾದ, ಚೂರು ಸಿಹಿ ಇರುವ ಶೆನಿನ್ ಬ್ಲಾಂಕ್ ಕುಡಿದು ನೋಡಿ. ಅವರೆಯ ಸೊಗಡಿಗೂ ಅದಕ್ಕೂ ಒಳ್ಳೆಯ ಜೊತೆ. ಸೊಪ್ಪಿನ ಪಲ್ಯಕ್ಕೆ ಹಸಿರು ವಾಸನೆಯ ಸುವಿನ್ಯೋಂ ಬ್ಲಾಂಕ್. ನಿಪ್ಪಟ್ಟು, ಕೋಡುಬಳೆ, ಕಡಲೆಬೀಜಕ್ಕೆ ಬುರುಗಿನ ಸ್ಪಾರ್ಕ್ಲಿಂಗ್ ವೈನ್, ಏಕೆಂದರೆ ಎಣ್ಣೆ ಮತ್ತು ಉಪ್ಪನ್ನು ಅದು ತೊಳೆದುಬಿಡುತ್ತದೆ. ಶಿರಾಜಿಗೆ ಕಾಳುಮೆಣಸಿನ ಗುಣವಿದೆ. ಮೆಣಸು ಮುಂದಾಗಿರುವ ಮಟನ್ ಫ್ರೈಗೆ, ಹುರಿದ ನಾಟಿಕೋಳಿಗೆ ಅದನ್ನು ಇಡಿ. ಹಸಿಮೆಣಸಿನ ಉಪ್ಸಾರಿಗೆ ಮಾತ್ರ ಯಾವ ವೈನೂ ಬೇಡ, ಮಜ್ಜಿಗೆಯೇ ಸರಿ.

11. ಕುಡಿಯದವರೂ ಈ ದಿನದ ಪೂರ್ತಿ ಪಾಲುದಾರರು

ಈ ಸೀಮೆಯ ನಿಜವಾದ ಮನೆಮಗಳು ಬೆಂಗಳೂರು ನೀಲಿ ದ್ರಾಕ್ಷಿ. ದಪ್ಪ ಸಿಪ್ಪೆ, ಒಳಗೆ ಬೀಜ, ಹುಳಿ ಬೆರೆತ ಸಿಹಿ, ದೂರದಿಂದಲೇ ತಿಳಿಯುವ ಗಾಢ ಘಮ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳ ಬೆಳೆ ಇದು. ಭೌಗೋಳಿಕ ಸೂಚಿಯ ಮಾನ್ಯತೆಯೂ ಇದಕ್ಕಿದೆ. ಅಂಗಡಿಯಲ್ಲಿ ಬೀಜವಿಲ್ಲದ ಹಸಿರು ದ್ರಾಕ್ಷಿಯ ಮುಂದೆ ಇದು ಮೂಲೆಗೆ ಸರಿದಿದೆ, ಅದು ನನಗೆ ಬೇಸರದ ವಿಷಯ. ರಸ್ತೆ ಬದಿಯಲ್ಲಿ ಬುಟ್ಟಿಯಿಟ್ಟು ಮಾರುವ ತೋಟದವರಿಂದ ಕೊಳ್ಳಿ. ಮನೆಯಲ್ಲಿ ಸ್ವಲ್ಪ ಬೆಲ್ಲ, ಚಿಟಿಕೆ ಉಪ್ಪು ಹಾಕಿ ಕಿವುಚಿ ಸೋಸಿದರೆ ಅದಕ್ಕಿಂತ ಒಳ್ಳೆಯ ಷರಬತ್ತು ಬೇರೆ ಇಲ್ಲ. ದೇವನಹಳ್ಳಿಯ ಚಕ್ಕೋತ ಸಿಕ್ಕರೆ ಅದನ್ನೂ ಬಿಡಬೇಡಿ. ಅದಕ್ಕೂ ಅದೇ ಮಾನ್ಯತೆ ಇದೆ, ಆದರೆ ಮರಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ.

12. ಗಾಡಿ ಓಡಿಸುವವರು ಒಂದು ಗುಟುಕೂ ಕುಡಿಯಬಾರದು

100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಾಂಶ ದಾಟಿದರೆ ಅಪರಾಧ. ಮೊದಲ ಸಲವೇ 10,000 ರೂಪಾಯಿವರೆಗೆ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಲೆಕ್ಕ ಹಾಕುತ್ತಾ ಕೂರಬೇಡಿ, ಬಾಡಿಗೆ ಕಾರು ಮಾಡಿ. ಇಲ್ಲವೇ ದೇವನಹಳ್ಳಿ, ನಂದಿ ದಾರಿಯಾಗಿ ಚಿಕ್ಕಬಳ್ಳಾಪುರಕ್ಕೆ ಹೋಗುವ ರೈಲು ಹಿಡಿಯಿರಿ. ಗಾಡಿಗಳು ಕಡಿಮೆ, ವೇಳೆ ನೋಡಿಕೊಂಡೇ ಹೊರಡಬೇಕು. ನಂದಿ ಹಾಲ್ಟ್ ಎಂಬ ಪುಟ್ಟ ಹಳೆಯ ನಿಲ್ದಾಣವನ್ನು ನೋಡಲೆಂದೇ ಇಳಿದರೂ ನಷ್ಟವಿಲ್ಲ.

13. ಬಾಟಲಿಯನ್ನು ಬಿಸಿಲಿಗೆ ಬಿಡಬೇಡಿ

ನಿಲ್ಲಿಸಿದ ಕಾರಿನೊಳಗೆ ಮಾರ್ಚ್ ಬಿಸಿಲಿನಲ್ಲಿ ಒಂದು ಗಂಟೆ ಇದ್ದರೆ ಒಳ್ಳೆಯ ವೈನೂ ಕೆಡಬಹುದು. ಕೊಳ್ಳುವುದನ್ನು ಕೊನೆಗೆ ಇಟ್ಟುಕೊಳ್ಳಿ, ಬಿಲ್ ಜೋಪಾನ ಮಾಡಿ. ನಮ್ಮ ಹೆಚ್ಚಿನ ಬಿಳಿ ವೈನ್‌ಗಳು ಒಂದೆರಡು ವರ್ಷದೊಳಗೆ ಕುಡಿಯಬೇಕಾದವು, ಷೋಕೇಸಿನಲ್ಲಿ ಇಡಬೇಡಿ. ಕೆಂಪು ವೈನನ್ನೂ ಕುಡಿಯುವ ಮುನ್ನ ಇಪ್ಪತ್ತು ನಿಮಿಷ ಫ್ರಿಜ್‌ನಲ್ಲಿಡಿ. ತೆರೆದ ಮೇಲೆ ಮುಚ್ಚಿ ಫ್ರಿಜ್‌ಗೆ ಸೇರಿಸಿ, ಮೂರು-ನಾಲ್ಕು ದಿನದಲ್ಲಿ ಮುಗಿಸಿ.

14. ನಿಮ್ಮ ಊರು ಬೇರೆಯಾದರೂ ಸೂತ್ರ ಇದೇ

ವಿಜಯಪುರದವರಿಗೆ ಒಣದ್ರಾಕ್ಷಿಯ ಶೆಡ್ಡುಗಳು, ಜೋಳದ ರೊಟ್ಟಿ, ಎಣ್ಣೆಗಾಯಿ, ಇಬ್ರಾಹಿಂ ರೋಜಾ ಇವೆ. ಗೋಳಗುಮ್ಮಟ ನೋಡಿ ಹೊರಟುಬಿಡುವ ಪ್ರವಾಸಿಗಳಿಗೆ ಸಿಗದ ಊರು ಅಲ್ಲಿದೆ. ಮೈಸೂರು ದಾರಿಯವರಿಗೆ ಚನ್ನಪಟ್ಟಣದ ಬಳಿ ವೈನರಿಯೂ ಇದೆ, ಮಳೂರಿನ ಅಪ್ರಮೇಯಸ್ವಾಮಿ ಗುಡಿಯಲ್ಲಿ ಅಂಬೆಗಾಲು ಕೃಷ್ಣನೂ ಇದ್ದಾನೆ, ರಾಮನಗರದ ಜಾನಪದ ಲೋಕವೂ ಇದೆ.

ನಂದಿ ತಪ್ಪಲಿನ ವಿಷಯದಲ್ಲಿ ಮಾತ್ರ ತಡಮಾಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ವಿಮಾನ ನಿಲ್ದಾಣ ಬಂದ ಮೇಲೆ ದೇವನಹಳ್ಳಿ ಸುತ್ತ ಎಷ್ಟೋ ದ್ರಾಕ್ಷಿ ಚಪ್ಪರಗಳು ಕಳಚಿ ಅಲ್ಲಿ ಬಡಾವಣೆಗಳು ಎದ್ದಿವೆ. ತೋಟದಲ್ಲಿ ನಿಂತು ಹಣ್ಣು ಕೊಳ್ಳುವ ಗಿರಾಕಿ ಬಂದರೆ ರೈತನಿಗೆ ತೋಟ ಉಳಿಸಿಕೊಳ್ಳಲು ಒಂದು ಕಾರಣ ಸಿಗುತ್ತದೆ. ಮುಂದಿನ ಫೆಬ್ರವರಿಯಲ್ಲಿ ಒಂದು ಬುಧವಾರ ರಜೆ ಹಾಕಿ, ಮನೆಯ ಹಿರಿಯರನ್ನೂ ಕರೆದುಕೊಂಡು, ಬೆಳಿಗ್ಗೆ ಏಳಕ್ಕೇ ಹೊರಡಿ.